ಚದರದ ದರ ಸಾಲದು: ಕಟ್ಟಡ ಎಸ್ಟಿಮೇಟರ್ ಆಗಿ ನನ್ನ ಅನುಭವ

ದಾವಣಗೆರೆಯಲ್ಲಿ ಮನೆ ಕಟ್ಟಿಸಲು ಹೊರಟವರು ಖರ್ಚಿನ ಅಂದಾಜಿಗೆ ನನ್ನಲ್ಲಿಗೆ ಬಂದಾಗ ಮೊದಲು ಕೇಳುವುದು, 'ಸಾರ್, ಚದರಕ್ಕೆ ಎಷ್ಟು ಬೀಳುತ್ತೆ?' ಎಂದು. ನೂರು ಚದರಡಿಗೆ ಒಂದು ಚದರ. ಮೇಸ್ತ್ರಿಗಳು ಕೂಲಿ ಮಾತನಾಡುವುದೂ ಅದರ ಮೇಲೆಯೇ ಆದ್ದರಿಂದ ಹಾಗೆ ಕೇಳುವುದು ಸಹಜ. ಆದರೆ ನಕ್ಷೆಯನ್ನೂ ಜಾಗವನ್ನೂ ನೋಡದೆ ನಾನು ಉತ್ತರ ಹೇಳುವುದಿಲ್ಲ. 30×40 ಅಡಿಯ ಮನೆಯೂ 20×60 ಅಡಿಯ ಮನೆಯೂ ಹನ್ನೆರಡು ಚದರವೇ ಆದರೂ, ಮೊದಲನೆಯದರ ಹೊರಗೋಡೆಯ ಸುತ್ತಳತೆ 140 ಅಡಿ, ಎರಡನೆಯದರದು 160 ಅಡಿ. ಹೆಚ್ಚಾದ ಆ ಇಪ್ಪತ್ತು ಅಡಿಗೆ ಪಾಯ, ಅದರ ಮೇಲಿನ ಕಾಂಕ್ರೀಟ್ ತೊಲೆ (ಪ್ಲಿಂತ್ ಬೀಮ್), ಗೋಡೆ, ಎರಡೂ ಬದಿಯ ಗಿಲಾವು, ಬಣ್ಣ ಎಲ್ಲವೂ ಬೇಕು.

ಸಿವಿಲ್ ಡಿಪ್ಲೊಮಾ ಮುಗಿಸಿ ಗುತ್ತಿಗೆದಾರರೊಬ್ಬರ ಬಳಿ ಸೇರಿದಾಗ ನನ್ನ ಕೈಗೆ ಬಂದದ್ದು ಟೇಪು ಮತ್ತು ಅಳತೆ ಪುಸ್ತಕ. ಕಟ್ಟಿ ಮುಗಿದ ಕೆಲಸವನ್ನು ಅಳೆಯುತ್ತ ಕಲಿತದ್ದೇ ಇಂದಿಗೂ ನನ್ನ ಬಂಡವಾಳ. ಗಿಲಾವು ಅಳೆಯುವಾಗ ಬಾಗಿಲು, ಕಿಟಕಿಯಂಥ ಅರ್ಧ ಚದರ ಮೀಟರ್‌ವರೆಗಿನ ತೆರಪನ್ನು ಕಳೆಯಬೇಕಿಲ್ಲ, ಅದಕ್ಕಿಂತ ದೊಡ್ಡದಾಗಿ ಮೂರು ಚದರ ಮೀಟರ್‌ವರೆಗಿನದನ್ನು ಒಂದೇ ಬದಿಗೆ ಕಳೆಯಬೇಕು ಎಂಬ ಐಎಸ್ 1200ರ (ಕಟ್ಟಡ ಕೆಲಸದ ಅಳತೆಯ ಭಾರತೀಯ ಮಾನಕ) ನಿಯಮವಾಗಲಿ, ಮಿಲಿಮೀಟರಿನಲ್ಲಿ ಅಳೆದ ಕಂಬಿಯ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೊ ಎಂದು ತಿಳಿಯುವ ಸೂತ್ರವಾಗಲಿ ಬಿಲ್ಲು ಬರೆಯುತ್ತಲೇ ಬಾಯಿಗೆ ಬಂದವು. ಎಕ್ಸೆಲ್ ಕಲಿಯುವುದು ಕಷ್ಟವಲ್ಲ. ನಕ್ಷೆಯ ಗೆರೆಯಲ್ಲಿ ಕಾಂಕ್ರೀಟ್ ಹಾಕಲು ಕಟ್ಟುವ ಸೆಂಟ್ರಿಂಗ್ ಹಲಗೆಯನ್ನೂ ಎರಡು ಕಂಬಿ ಒಂದರ ಪಕ್ಕ ಒಂದು ಕೂಡುವ ಲ್ಯಾಪನ್ನೂ ಕಾಣಲು ಸೈಟಿನಲ್ಲೇ ನಿಲ್ಲಬೇಕು.

ಈ ಭಾಗದಲ್ಲಿ ಎಸ್ಟಿಮೇಟರ್‌ನ ಪರೀಕ್ಷೆ ನಡೆಯುವುದು ನೆಲದ ಕೆಳಗೆ. ದಾವಣಗೆರೆ ಕಡೆಯ ಎರೆಮಣ್ಣಿನಲ್ಲಿ ಅಗೆತ ಸುಲಭ, ಆದರೆ ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಆಳಕ್ಕೆ ಇಳಿಯಬೇಕು, ಅಗೆದ ಮಣ್ಣನ್ನು ಹೊರಗೆ ಸಾಗಿಸಿ ಗ್ರಾವೆಲ್ ತಂದು ತುಂಬಿ ಧಮ್ಮಸ್ಸು ಮಾಡಬೇಕು. ಚಿತ್ರದುರ್ಗದ ಬಂಡೆಯ ನೆಲದಲ್ಲಿ ಪಾಯದ ಆಳ ಕಡಿಮೆಯಾದರೂ, ಮನೆಗಳ ನಡುವೆ ಸಿಡಿಮದ್ದು ಬಳಸುವಂತಿಲ್ಲವಾದ್ದರಿಂದ ಬ್ರೇಕರ್ ಯಂತ್ರದ ಗಂಟೆಯ ಬಾಡಿಗೆ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಅಂದಾಜಿಗೆ ಮೊದಲು ಪರೀಕ್ಷಾ ಗುಂಡಿ ತೆಗೆಸಬೇಕೆಂದು ನಾನು ಹಟ ಹಿಡಿಯುತ್ತೇನೆ. ಪಕ್ಕದ ಮನೆಯವರು ಹೇಳಿದ ಮಾತನ್ನು ಮಣ್ಣಿನ ವರದಿಯೆಂದು ಒಪ್ಪುವುದಿಲ್ಲ.

ಸರ್ಕಾರಿ ಟೆಂಡರಿನಲ್ಲಿ ಲೋಕೋಪಯೋಗಿ ಇಲಾಖೆಯ ದರಪಟ್ಟಿಯ (ಎಸ್.ಆರ್.) ದರ ಆಧಾರವಾಗಿರುತ್ತದೆ, ಕ್ವಾರಿಯಿಂದ ಸಾಗಣೆಯ ದೂರದ ಖರ್ಚನ್ನು, ಅಂದರೆ ಲೀಡನ್ನು, ಸೇರಿಸಿಕೊಳ್ಳಬೇಕು. ಖಾಸಗಿ ಕೆಲಸಕ್ಕೆ ಅದು ಸಾಲದು. ಎಂ-ಸ್ಯಾಂಡ್, ಜಲ್ಲಿ, ಕಂಬಿಯ ದರವನ್ನು ಅಂಗಡಿಗಳಿಂದ ಆಗಾಗ ಕೇಳಿ ದಿನಾಂಕ ಸಹಿತ ಬರೆದಿಡುತ್ತೇನೆ. ಒಂದು ಗ್ಯಾಂಗು ದಿನಕ್ಕೆ ಎಷ್ಟು ಗೋಡೆ ಎಬ್ಬಿಸುತ್ತದೆ ಎಂಬುದನ್ನು ವಾರದ ಬಟವಾಡೆಯೊಂದಿಗೆ ತಾಳೆ ನೋಡಿದರೆ ಸಿಗುವ ಕೂಲಿಯ ದರ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಸ್ವತಂತ್ರವಾಗಿ ಕೆಲಸ ಆರಂಭಿಸಿದ ಮೇಲೆ ಪ್ರತಿ ಅಂದಾಜುಪಟ್ಟಿಯಲ್ಲೂ ದರದ ದಿನಾಂಕವನ್ನು ನಮೂದಿಸಿ, 'ಬಂಡೆ ಬಂದಲ್ಲಿ ಅಳತೆಯಂತೆ ಪ್ರತ್ಯೇಕ' ಎಂದು ಬರೆಯುತ್ತೇನೆ. ಮನೆ ಯಜಮಾನರಿಗೆ ಈ ಸಾಲು ಹಿಡಿಸುವುದಿಲ್ಲ, ತೆಗೆದುಹಾಕಿ ಎನ್ನುತ್ತಾರೆ. ಗುಂಡಿ ತೆಗೆಸಿ ತೋರಿಸಿದರೆ ತೆಗೆಯುತ್ತೇನೆ ಎಂಬುದೇ ನನ್ನ ಉತ್ತರ.