ಎಣ್ಣೆ ಅಗಸೆಯ ಗಿಡ್ಡ ಕಡ್ಡಿಯಿಂದ ನೂಲು: ನನ್ನ ಅನುಭವ

ಎಣ್ಣೆ ತಳಿಯ ಅಗಸೆಯಿಂದ ನೂಲು ಬರುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಬರುತ್ತದೆ. ಗಟ್ಟಿಯಾಗಿಯೇ ಬರುತ್ತದೆ. ಆದರೆ ಅದಕ್ಕೆ ರಾಟೆಯನ್ನು ಪಕ್ಕಕ್ಕಿಡಬೇಕು, ನಾರು ಬಿಡಿಸಲು ಕಡ್ಡಿ ಕೊಳೆಸುವ ತೊಟ್ಟಿಯನ್ನು ಹೆಚ್ಚೂಕಡಿಮೆ ಮರೆಯಬೇಕು. ಹಳೇ ಈಜಿಪ್ಟಿನವರು ಮಾಡುತ್ತಿದ್ದ ಹಾಗೆ ಎಳೆಯ ತುದಿಗೆ ಎಳೆಯ ತುದಿ ಹೊಸೆದು ಸೇರಿಸುತ್ತಾ ಹೋಗಬೇಕು.

ನೂಲುವವರಿಗೆಲ್ಲ ಗೊತ್ತಿರುವುದೇ, ನಾರಿನ ತಳಿ ಹೆಚ್ಚೂಕಡಿಮೆ ಒಂದು ಮೀಟರ್ ಬೆಳೆಯುತ್ತದೆ, ಕವಲು ಕಡಿಮೆ. ಎಣ್ಣೆ ತಳಿ ಗಿಡ್ಡ, ಮೇಲೆಲ್ಲ ಕವಲು. ಹಾಗಾಗಿ ನಾನೂ ಮೊದಲು ನಾರಿನ ತಳಿಯ ಬೀಜವನ್ನೇ ತರಿಸಿದೆ. ಬೀಜದ ದುಡ್ಡಿಗಿಂತ ಸಾಗಣೆ ಖರ್ಚೇ ಜಾಸ್ತಿ. ಕಳಿಸಿದವರು ಹಳೇ ದಾಸ್ತಾನು ಕಳಿಸಿದ್ದರು, ಅರ್ಧದಷ್ಟು ಮೊಳೆಯಲೇ ಇಲ್ಲ. ಮೊಳೆತದ್ದು ಚೆನ್ನಾಗಿ ಎದ್ದು ನಿಂತಿತ್ತು, ಹೂ ಬಿಡುವ ಹೊತ್ತಿಗೆ ಒಂದು ಗಾಳಿಮಳೆಗೆ ಪೂರ್ತಿ ಮಲಗಿಬಿಟ್ಟಿತು. ಮಲಗಿದ ಗಿಡ ಮತ್ತೆ ತಲೆ ಎತ್ತುವಾಗ ಕಡ್ಡಿ ಬಾಗುತ್ತದೆ. ಆ ಬಾಗಿದ ಜಾಗದಲ್ಲಿ ಬಾಚಣಿಗೆ ಹಾಕಿದರೆ ನಾರೆಲ್ಲ ಚೂರು ಚೂರು. ಸೆಕೆಂಡ್ ಹ್ಯಾಂಡ್ ರಾಟೆ, ಕಡ್ಡಿ ಮುರಿಯುವ ಮರದ ಯಂತ್ರ, ಉಕ್ಕಿನ ಹಲ್ಲಿನ ಬಾಚಣಿಗೆ, ಎಲ್ಲ ಸೇರಿ ಸುಮಾರು ಎರಡು ತಿಂಗಳ ಸಂಬಳ ಹೋಯಿತು. ಕೈಗೆ ಬಂದದ್ದು ಒಂದು ಮುಷ್ಟಿ ನಾರು.

ಆಮೇಲೆ ಎಣ್ಣೆ ತಳಿಗೆ ಬಂದೆ. ಬೀಜ ಬಡಿದ ಮೇಲೆ ಉಳಿಯುವ ಕಡ್ಡಿ ಪುಕ್ಕಟೆ ಸಿಗುತ್ತದೆ, ಯಾರಿಗೂ ಬೇಡದ ಮಾಲು. ಬೆಚ್ಚಗಿನ ನೀರಲ್ಲಿ ಕಟ್ಟು ಕಟ್ಟಿ ಮುಳುಗಿಸಿ, ಮೊದಲ ದಿನದ ಕಂದು ನೀರು ಚೆಲ್ಲಿ, ನಾಲ್ಕೈದು ದಿನ ಕೊಳೆಸಿದೆ. ಕವಲಿರುವ ತುದಿ ಮೊದಲು ಕೊಳೆತು ನಾರು ಸತ್ತುಹೋಗುತ್ತದೆ, ಬುಡ ಇನ್ನೂ ಬಿಟ್ಟಿರುವುದಿಲ್ಲ. ಬುಡಕ್ಕೆ ಕಾದರೆ ತುದಿ ಹೋಯಿತು, ತುದಿಗೆ ತೆಗೆದರೆ ಬುಡದಲ್ಲಿ ಕಡ್ಡಿ ಅಂಟಿಕೊಂಡೇ ಇರುತ್ತದೆ. ವಾಸನೆಯಂತೂ ಬೇಡ. 16ನೇ ಶತಮಾನದಲ್ಲೇ ಇಂಗ್ಲೆಂಡಿನಲ್ಲಿ ಹರಿಯುವ ನೀರಿನಲ್ಲಿ ಅಗಸೆ, ಹೆಂಪ್ (ಭಂಗಿ ಜಾತಿಯ ನಾರಿನ ಗಿಡ) ಕೊಳೆಸಬಾರದು ಅಂತ ಕಾನೂನು ಬಂದಿತ್ತು, ಯಾಕೆ ಅಂತ ತೊಟ್ಟಿ ಪಕ್ಕ ನಿಂತರೆ ಗೊತ್ತಾಗುತ್ತದೆ. ಇಷ್ಟೆಲ್ಲ ಆಗಿ ಬಾಚಿದರೆ ಮುಕ್ಕಾಲು ಪಾಲು ಜುಂಗು, ಅಂದರೆ ಸಿಕ್ಕುಗಟ್ಟಿದ ತುಂಡು ನಾರು. ರಾಟೆಗೆ ಹಾಕಿದರೆ ಗಂಟು ಗಂಟು ನೂಲು, ಎಳೆದರೆ ಪಟ್ ಅಂತ ತುಂಡು. ನಮ್ಮ ನೂಲುವ ಗುಂಪಿನಲ್ಲಿ ಅದನ್ನು ನೋಡಿ ಎಲ್ಲರೂ "ಬಿಟ್ಟುಬಿಡಿ, ಸುಮ್ನೆ ಟೈಮ್ ವೇಸ್ಟ್" ಅಂದರು.

ದಾರಿ ತೋರಿಸಿದ್ದು 2019ರಲ್ಲಿ ಬಂದ ಒಂದು ಅಧ್ಯಯನ. ಮಾರ್ಗರಿಟಾ ಗ್ಲೆಬಾ, ಸುಸಾನಾ ಹ್ಯಾರಿಸ್ ಅನ್ನುವ ಇಬ್ಬರು ಹಳೇ ಬಟ್ಟೆಯ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು. ಈಜಿಪ್ಟ್ ಅಷ್ಟೇ ಅಲ್ಲ, ಯುರೋಪಿನಲ್ಲೂ ಹಿಂದಿನವರು ಅಗಸೆಯನ್ನು ಉಣ್ಣೆಯ ಹಾಗೆ ಎಳೆದು ನೂಲುತ್ತಿರಲಿಲ್ಲ, ಕಡ್ಡಿಯಿಂದ ಸುಲಿದ ಪಟ್ಟಿಗಳ ತುದಿ ಸೇರಿಸಿ ಹೊಸೆಯುತ್ತಿದ್ದರು ಅನ್ನುವುದು ಅವರ ಮಾತು. ಮೆಕೆಟ್ರೆ ಅನ್ನುವ ಹಳೇ ಈಜಿಪ್ಟಿನ ಅಧಿಕಾರಿಯ ಗೋರಿಯಲ್ಲಿ ನೇಯ್ಗೆ ಮನೆಯ ಒಂದು ಮರದ ಮಾದರಿ ಸಿಕ್ಕಿದೆ, ಸುಮಾರು 4,000 ವರ್ಷ ಹಳೆಯದು, ಈಗ ಕೈರೋದಲ್ಲಿದೆ. ಅದರಲ್ಲಿ ಕೆಲವು ಹೆಂಗಸರು ಕೂತು ನಾರು ಸಿದ್ಧ ಮಾಡುತ್ತಾರೆ, ಕೆಲವರು ನಿಂತು ನೂಲು ಸುತ್ತುವ ಕದಿರು ತಿರುಗಿಸುತ್ತಾರೆ. ಎಳೆ ಮಾಡುವ ಕೆಲಸ ಬೇರೆ, ಹುರಿ ಕೊಡುವ ಕೆಲಸ ಬೇರೆ. ನನಗೆ ಅಲ್ಲೇ ಹೊಳೆಯಿತು, ತುದಿ ಸೇರಿಸುವುದೇ ಆದರೆ ಕಡ್ಡಿ ಗಿಡ್ಡ ಇದ್ದರೇನಂತೆ? ಒಂದು ಮೀಟರ್ ಬದಲು ಅರ್ಧ ಮೀಟರ್ ಪಟ್ಟಿ, ಜೋಡಣೆ ಎರಡು ಪಟ್ಟು, ಅಷ್ಟೇ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಎಣ್ಣೆ ತಳಿಯನ್ನೇ ಮಾಮೂಲಿಗಿಂತ ಮೂರು ಪಟ್ಟು ಒತ್ತಾಗಿ ಚೆಲ್ಲುತ್ತೇನೆ, ಜಾಗ ಇಲ್ಲದೆ ಗಿಡ ನೆಟ್ಟಗೆ ಏಳುತ್ತದೆ, ಕವಲು ತುದಿಗೆ ಮಾತ್ರ ಬರುತ್ತದೆ. ಗೊಬ್ಬರ ಇಲ್ಲ, ಕೊಟ್ಟರೆ ಮಲಗುತ್ತದೆ. ಹೂ ಉದುರಿ ಎರಡು ವಾರ ಆಗುತ್ತಿದ್ದಂತೆ, ಕಡ್ಡಿ ಇನ್ನೂ ಹಸಿರಿರುವಾಗಲೇ ಬೇರು ಸಮೇತ ಕೀಳುತ್ತೇನೆ. ಒಣಗಿಸಿಟ್ಟು, ಬೇಕಾದಾಗ ಒಂದು ರಾತ್ರಿ, ಹೆಚ್ಚೆಂದರೆ ಎರಡು ರಾತ್ರಿ ನೆನೆಸುತ್ತೇನೆ. ಬುಡದ ಹತ್ತಿರ ಕಡ್ಡಿಯನ್ನು ಲಟಕ್ ಅಂತ ಮುರಿದು, ಒಳಗಿನ ಕಟ್ಟಿಗೆಯನ್ನು ಹಿಡಿದು ಸಿಪ್ಪೆಯನ್ನು ತುದಿಯವರೆಗೆ ಎಳೆದರೆ ಒದ್ದೆ ರಿಬ್ಬನ್ ಥರ ಒಂದೇ ಪಟ್ಟಿ ಬರುತ್ತದೆ. ಮೊಂಡು ಚಾಕುವಿನ ಬೆನ್ನಿಂದ ಮೇಲಿನ ಹಸಿರು ಪೊರೆ ಕೆರೆಯಬೇಕು. ಆಗ ಒಳಗಿನ ನಾರು ಬೆಳ್ಳಗೆ, ರೇಷ್ಮೆಯ ಹೊಳಪಿನಲ್ಲಿ ಕಾಣುತ್ತದೆ.

ಒಂದು ಪಟ್ಟಿಯನ್ನು ಉಗುರಿನಿಂದ ಎರಡು ಮೂರು ಎಳೆಯಾಗಿ ಸೀಳಿ, ತುದಿ ಒದ್ದೆ ಮಾಡಿ, ಮುಂದಿನ ಎಳೆಯ ಮೇಲೆ ನಾಲ್ಕು ಬೆರಳಷ್ಟು ಇಟ್ಟು ತೊಡೆಯ ಮೇಲೆ ಹೊಸೆಯುವುದು. ಜೋಡಣೆ ಇದ್ದ ಕಡೆ ಮಾತ್ರ ಹೊಸೆದರೆ ಸಾಕು. ಹೀಗೆ ಎರಡು ಉಂಡೆ ಸುತ್ತಿ, ಒಳಗೆ ಬಳೆಯಂಥ ಹಿಡಿ ಇರುವ ನೀರಿನ ಬಟ್ಟಲಲ್ಲಿ ಹಾಕಿ, ಎರಡೂ ಎಳೆಯನ್ನು ಆ ಹಿಡಿಯ ಕೆಳಗಿಂದ ತೂರಿಸಿ ಕದಿರಿಗೆ ಕಟ್ಟಿ ಹುರಿ ಕೊಡುತ್ತೇನೆ. ಈಜಿಪ್ಟಿನಲ್ಲಿ ಇಂಥ ಬಟ್ಟಲುಗಳು ಬೇಕಾದಷ್ಟು ಸಿಕ್ಕಿವೆ. ನಾನು ದಪ್ಪ ಪಿಂಗಾಣಿ ಬಟ್ಟಲಿಗೆ ತಂತಿ ಕೂರಿಸಿಕೊಂಡಿದ್ದೇನೆ, ಖರ್ಚು ಏನೂ ಇಲ್ಲ. ಎರಡು ಎಳೆಗಳ ಜೋಡಣೆ ಒಂದೇ ಕಡೆ ಬೀಳದ ಹಾಗೆ ನೋಡಿಕೊಳ್ಳಿ, ಬಿದ್ದರೆ ಅಲ್ಲೇ ತುಂಡಾಗುತ್ತದೆ. ಬಟ್ಟಲಿನ ನೀರಿಗೆ ಅಗಸೆ ಬೀಜ ಕುದಿಸಿದ ಲೋಳೆ ಸೇರಿಸುತ್ತೇನೆ, ಅದು ಹಳೇ ನೂಲುವವರು ಬಳಸುತ್ತಿದ್ದದ್ದೇ. ಅದರ ಜೊತೆಗೆ ಇನ್ನೊಂದು ವಸ್ತು ಹಾಕುತ್ತೇನೆ, ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಪೊರೆ ಕೆರೆಯುವಾಗ ಚಾಕು ಹಿಡಿಯುವ ಕೋನವೂ ನನ್ನ ಹತ್ತಿರವೇ ಇರಲಿ.

ಗಂಟೆಗೆ ಹದಿನೈದಿಪ್ಪತ್ತು ಮೀಟರ್ ಬರುತ್ತದೆ, ರಾಟೆಗೆ ಹೋಲಿಸಿದರೆ ತೀರಾ ನಿಧಾನ. ಆದರೆ ಎರಡು ಲೀಟರ್ ನೀರಿನ ಬಾಟಲಿ ತೂಗುಹಾಕಿದರೂ ನೂಲು ಜಗ್ಗುವುದಿಲ್ಲ, ಒದ್ದೆಯಾದರೆ ಇನ್ನೂ ಗಟ್ಟಿ. ಬೇಡ ಅಂದಿದ್ದ ಗುಂಪಿನಲ್ಲೇ ಈಗ ಮೂವರು ನನ್ನ ಹತ್ತಿರ ಕಡ್ಡಿ ಕೇಳಿದ್ದಾರೆ.

ಉಳಿದ ಜುಂಗನ್ನೂ ಬಿಟ್ಟಿಲ್ಲ. ನಲ್ಲಿ ಪೈಪಿನ ತಿರುಪಿಗೆ ಸುತ್ತಿದೆ, ಹಳೇ ಪ್ಲಂಬರ್‌ಗಳು ಮಾಡುವ ಹಾಗೆ. ಒಂದು ಹನಿ ಸೋರಿಲ್ಲ. ಅಗಸೆ ಎಣ್ಣೆಗೆ ಸೀಮೆಸುಣ್ಣದ ಪುಡಿ ಕಲಸಿ ಕಿಟಕಿ ಗಾಜಿಗೆ ಪುಟ್ಟಿ ಮಾಡಿದೆ, ಗಟ್ಟಿಯಾಗಲು ವಾರಗಟ್ಟಲೆ ಹಿಡಿಯಿತು, ಆದರೆ ಕೂತಿದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಸಾಕಬೇಡಿ, ತಾನಾಗಿ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ. ನೂಲು ಬಿಳಿ ಮಾಡಲು ಬೂದಿ ನೀರಲ್ಲಿ ಕುದಿಸಿ, ಹಿಂದೆ ಡಚ್ಚರು ಮಾಡುತ್ತಿದ್ದ ಹಾಗೆ ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಹುಲ್ಲಿನ ಮೇಲೆ ಬಿಸಿಲಿಗೆ ಹಾಕಿದೆ. ಅವರಿಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ನಾನು ಮೂರು ವಾರಕ್ಕೆ ನಿಲ್ಲಿಸಿದೆ, ಕೆನೆ ಬಣ್ಣ ಬಂತು, ನನಗೆ ಅದೇ ಇಷ್ಟ.

ರಾಟೆ ಮಾರಿದೆ, ಯಂತ್ರವೂ ಹೋಯಿತು. ಪುಸ್ತಕ ಹೊಲಿಯುವ ಒಬ್ಬರು ನೂಲನ್ನು ಲಡಿ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಿದ್ದಾರೆ. ಹಾಕಿದ ದುಡ್ಡಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಬಂದಿದೆ. ಹಸಿರಾಗಿ ಕಿತ್ತರೆ ಬೀಜ ಸಿಗುವುದಿಲ್ಲ, ಆ ನಷ್ಟ ಇದ್ದೇ ಇದೆ. ಅದಕ್ಕೆ ಪಾತಿಯ ಮೂರನೇ ಒಂದು ಭಾಗವನ್ನು ತೆಳುವಾಗಿ ಬಿತ್ತಿ, ಬೀಜಕ್ಕೆಂದು ಬಲಿಯಲು ಬಿಡುತ್ತೇನೆ. ಅದರ ಒರಟು ಕಡ್ಡಿಯಿಂದ ಹಗ್ಗ ಹೊಸೆಯಬಹುದು.