ತಲೆಗೆ ಪೆಟ್ಟಾದಾಗ ಗಾಯದ ಬಗೆಯನ್ನು ಗುರುತಿಸುವುದು ಹೇಗೆ?

ತಲೆಗೆ ಪೆಟ್ಟಾದವರನ್ನು ಪರೀಕ್ಷಿಸುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಕೇಳಿಕೊಳ್ಳಬೇಕು: ಪ್ರಜ್ಞೆ ಎಷ್ಟರ ಮಟ್ಟಿಗೆ ಉಳಿದಿದೆ, ತಲೆಬುರುಡೆಯೊಳಗೆ ಏನಾಗಿದೆ. ಒಂದರ ಉತ್ತರದಿಂದ ಇನ್ನೊಂದನ್ನು ಊಹಿಸಲು ಹೋದಲ್ಲಿಯೇ ಅಪಾಯವಿದೆ.

ಉಸಿರಾಟ ಮತ್ತು ರಕ್ತದೊತ್ತಡವನ್ನು ಹತೋಟಿಗೆ ತಂದು, ರಕ್ತದ ಸಕ್ಕರೆ ನೋಡಿದ ಮೇಲೆ ಪ್ರಜ್ಞೆಯನ್ನು ಅಳೆಯಿರಿ. ಇದಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋದ ನರಶಸ್ತ್ರಚಿಕಿತ್ಸಕರಾದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ರೂಪಿಸಿದ ಗ್ಲಾಸ್ಗೋ ಕೋಮಾ ಸ್ಕೇಲ್ ಬಳಕೆಯಲ್ಲಿದೆ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6 ಗರಿಷ್ಠ ಅಂಕಗಳು. ಏನೂ ಪ್ರತಿಕ್ರಿಯೆ ಇಲ್ಲದಿದ್ದರೂ ತಲಾ 1 ಅಂಕ ಇರುವುದರಿಂದ ಮೊತ್ತ 3ಕ್ಕಿಂತ ಕೆಳಗಿಳಿಯದು. 13ರಿಂದ 15 ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ತೀವ್ರ.

ಚಲನೆಯ ಅಂಕವನ್ನು ನಿಧಾನವಾಗಿ ನೋಡಿ ಕೊಡಬೇಕು. ಹೇಳಿದಂತೆ ನಾಲಿಗೆ ಚಾಚಿದರೆ 6. ಹುಬ್ಬಿನ ಮೂಳೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿದಾಗ ಕೈ ಕೊರಳೆಲುಬನ್ನು ದಾಟಿ ಆ ಬೆರಳನ್ನು ತಳ್ಳಲು ಬಂದರೆ 5. ಉಗುರನ್ನು ಒತ್ತಿದಾಗ ಕೈಯನ್ನು ಥಟ್ಟನೆ ಹಿಂದೆಳೆದುಕೊಂಡರೆ 4. ತೋಳು ನಿಧಾನವಾಗಿ ಎದೆಯ ಮೇಲೆ ಬಿಗಿಯಾಗಿ ಮಡಚಿಕೊಂಡರೆ 3. ಮೊಣಕೈ ನೀಳವಾಗಿ ಸೆಟೆದರೆ 2. ಎರಡು ಬದಿಗಳಲ್ಲಿ ವ್ಯತ್ಯಾಸವಿದ್ದರೆ ಉತ್ತಮವಾದದ್ದಕ್ಕೆ ಅಂಕ ಕೊಟ್ಟು, ವ್ಯತ್ಯಾಸವನ್ನೂ ಬರೆದಿಡಿ. ಕೇಸ್ ಶೀಟಿನಲ್ಲಿ ಬರೀ ಮೊತ್ತ ಬರೆಯುವುದನ್ನು ನಾನಂತೂ ಒಪ್ಪುವುದಿಲ್ಲ, ಏಕೆಂದರೆ ಗಂಟಲಿಗೆ ನಳಿಕೆ ಹಾಕಿದ್ದರಿಂದ ಮಾತಿಲ್ಲದವರ ಸ್ಥಿತಿಯೂ ನಿಜಕ್ಕೂ ಮಾತು ನಿಂತವರ ಸ್ಥಿತಿಯೂ ಆ ಒಂದು ಅಂಕಿಯಲ್ಲಿ ಒಂದೇ ಆಗಿ ಕಾಣುತ್ತವೆ.

ಎರಡನೆಯ ಪ್ರಶ್ನೆಗೆ ಸಿ.ಟಿ. ಸ್ಕ್ಯಾನ್ ಬೇಕು. ಬುರುಡೆ ಮತ್ತು ಡ್ಯೂರಾ (ಮೆದುಳನ್ನು ಹೊದ್ದಿರುವ ಹೊರಗಿನ ಗಟ್ಟಿ ಪೊರೆ) ನಡುವೆ ರಕ್ತ ಸೇರಿದರೆ ಅದು ಮಸೂರದ ಆಕಾರದಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಕಣತಲೆಯ ಮೂಳೆ ಮುರಿದು ಅಪಧಮನಿ ಹರಿದಿರುತ್ತದೆ. ಇಂಥವರಲ್ಲಿ ಕೆಲವರು ಎಚ್ಚೆತ್ತು, ಮನೆಯವರೊಡನೆ ಮಾತನಾಡಿ, ಕೆಲವೇ ಗಂಟೆಗಳಲ್ಲಿ ಮತ್ತೆ ಪ್ರಜ್ಞೆ ಕಳೆದುಕೊಳ್ಳುತ್ತಾರೆ. ಡ್ಯೂರಾದ ಕೆಳಗಿನ ರಕ್ತ ಅರ್ಧಚಂದ್ರಾಕಾರದ್ದು. ವೃದ್ಧರಲ್ಲಿ ಸಣ್ಣ ಪೆಟ್ಟಿನ ವಾರಗಳ ನಂತರವೂ ಮರೆವು, ನಡಿಗೆಯ ತೊಡಕಾಗಿ ತೋರಬಹುದು. ಮೆದುಳೇ ಜಜ್ಜಿಹೋಗಿದ್ದರೆ ಆ ಜಾಗದಲ್ಲಿ ರಕ್ತದ ಕಲೆಗಳಿರುತ್ತವೆ. ಸ್ಕ್ಯಾನ್ ಬಹುತೇಕ ಸರಿಯಿದ್ದೂ ರೋಗಿ ಆಳವಾದ ಕೋಮಾದಲ್ಲಿದ್ದರೆ ನರತಂತುಗಳು ಅಲ್ಲಲ್ಲಿ ಹರಿದಿರುವ ಸಾಧ್ಯತೆಯನ್ನು ನೆನೆದು ಎಂ.ಆರ್.ಐ. ಯೋಚಿಸಬೇಕು.

ಬಾಯಿಂದ ಮದ್ಯದ ವಾಸನೆ ಬಂದರೆ ಮಂಪರಿಗೆ ಅದೇ ಕಾರಣವೆಂದು ಬರೆದು ಮುಗಿಸಬೇಡಿ. ಮತ್ತೆ ಮತ್ತೆ ಅಂಕ ನೋಡಿ. ಎರಡು ಅಂಕ ಇಳಿದರೆ ಅಥವಾ ಒಂದು ಪಾಪೆ ಹಿಗ್ಗಿದರೆ ತಕ್ಷಣ ನರಶಸ್ತ್ರಚಿಕಿತ್ಸಕರನ್ನು ಕರೆಯಿರಿ.