ಉಡುಪಿಯ ಮೂರು ತೇರಿಗೆ ಪುಟ್ಟ ಮಗುವನ್ನು ಕರ್ಕೊಂಡು ಹೋಗೋದು ಹೇಗೆ?

ಮಕರ ಸಂಕ್ರಾಂತಿ ರಾತ್ರಿ ಕೃಷ್ಣಮಠದ ರಥಬೀದಿಯಲ್ಲಿ ಮೂರು ತೇರು ಎಳೆಯುವುದನ್ನು ಮಗುವಿಗೆ ತೋರಿಸಬೇಕು ಅಂತ ನಿಮಗೆ ಆಸೆ. ಮಗುವಿನ ಆಸೆ ಇರುವುದು ಪೀಪಿ ಮೇಲೆ. ಇದನ್ನು ಮನೆಯಲ್ಲೇ ಒಪ್ಪಿಕೊಂಡು ಹೊರಡಿ.

ಮೊದಲು ದಿನ ನೋಡಿ. ಸಪ್ತೋತ್ಸವ ಏಳು ದಿನ ಇದ್ದರೂ ಊರೆಲ್ಲ ನುಗ್ಗುವುದು ಸಂಕ್ರಾಂತಿ ರಾತ್ರಿಗೇ. ಮಗು ತೀರಾ ಸಣ್ಣದಾದರೆ ಆ ರಾತ್ರಿ ಬೇಡ. ಮರುದಿನ ಚೂರ್ಣೋತ್ಸವಕ್ಕೆ ಹೋಗಿ, ಅವತ್ತು ಹಗಲು ಹೊತ್ತಿನಲ್ಲೇ ದೊಡ್ಡ ತೇರು, ಅಂದರೆ ಬ್ರಹ್ಮರಥ, ಎಳೆಯುತ್ತಾರೆ. ಬಿಸಿಲಿಗೆ ಒಂದು ಟೊಪ್ಪಿ ಇಟ್ಟುಕೊಂಡರೆ ಆಯಿತು.

ರಾತ್ರಿಯೇ ಬೇಕು ಅಂದರೆ ನಾಲ್ಕೂವರೆ ಐದಕ್ಕೆಲ್ಲ ಅಲ್ಲಿರಿ. ಮನೆಯಲ್ಲೇ ಹೊಟ್ಟೆ ತುಂಬ ತಿನ್ನಿಸಿ, ಗಾಡಿ ದೂರದಲ್ಲೇ ಬಿಟ್ಟು ನಡೆಯಿರಿ. ಚಪ್ಪಲಿಗೆ ಹಿಂದೆ ಪಟ್ಟಿ ಇರಲಿ, ಇಲ್ಲದಿದ್ದರೆ ಒಂದು ಕಾಲಿನದ್ದು ಹೋಯಿತು ಅಂತಲೇ ಲೆಕ್ಕ.

ಆ ಹೊತ್ತಿಗೆ ಸಂತೆಯಲ್ಲಿ ಜನ ಕಡಿಮೆ, ಅಂಗಡಿಯವರೂ ಮಕ್ಕಳ ಜೊತೆ ಮಾತಾಡುವಷ್ಟು ಪುರುಸೊತ್ತಿನಲ್ಲಿರುತ್ತಾರೆ. ಮಗುವಿನ ಕೈಗೇ ಐವತ್ತು ರೂಪಾಯಿ ಕೊಟ್ಟುಬಿಡಿ, ಮುಗಿದರೆ ಮುಗಿಯಿತು, ಮತ್ತೆ ಕೇಳುವ ಹಾಗಿಲ್ಲ. ನನ್ನ ಮಗ ಬಸ್ಸು, ಬಂದೂಕು, ಬಣ್ಣದ ಕನ್ನಡಕ ಅಂತ ಒಂದೊಂದರ ರೇಟೂ ಕೇಳಿ, ಅರ್ಧ ಗಂಟೆ ನನ್ನ ತಾಳ್ಮೆ ಪರೀಕ್ಷಿಸಿ, ಕೊನೆಗೆ ಒತ್ತಿದರೆ ಟಕ್ ಟಕ್ ಅನ್ನುವ ಒಂದು ತಗಡಿನ ಕಪ್ಪೆ ತಗೊಂಡ. ನಾನು ಬಾಯಿ ಹಾಕಲಿಲ್ಲ. ನೀವೂ ಹಾಕಬೇಡಿ. ಪೀಪಿ ಮಾತ್ರ ವಾಪಸು ಹೊರಡುವಾಗ ಕೊಡಿಸಿ, ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಇನ್ನು ಕಳೆದುಹೋಗುವ ವಿಷಯ. ಮುಂಗೈ ಒಳಗೆ ಬಾಲ್‌ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. ರಥಬೀದಿ ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳ ಸುತ್ತ ತಿರುಗುವ ಬೀದಿ. ನೀವು ಹುಡುಕುತ್ತಾ ಸುತ್ತು, ಮಗು ಹುಡುಕುತ್ತಾ ಸುತ್ತು ಹೊಡೆದರೆ ಇಬ್ಬರೂ ಸಿಗುವುದಿಲ್ಲ. ‘ಕೈ ಬಿಟ್ಟುಹೋದರೆ ನಿಂತಲ್ಲೇ ನಿಲ್ಲು, ಅಂಗಡಿಯವರಿಗೆ ಕೈ ತೋರಿಸು’ ಅಂತ ಹೇಳಿಕೊಡಿ. ನಮ್ಮ ಮಗ ಒಮ್ಮೆ ಹತ್ತು ನಿಮಿಷ ಕಾಣೆಯಾಗಿದ್ದು ಜನಜಂಗುಳಿಯಿಂದಲ್ಲ. ಅವನು ಹೆಂಡತಿ ಹತ್ರ ಇದ್ದಾನೆ ಅಂತ ನಾನು, ನನ್ನ ಹತ್ರ ಇದ್ದಾನೆ ಅಂತ ಅವಳು. ಬಳೆ ಅಂಗಡಿ ಮುಂದೆ ಕಪ್ಪೆ ಒತ್ತುತ್ತಾ ನಿಂತಿದ್ದ ಪುಣ್ಯಾತ್ಮ! ಅಂದಿನಿಂದ ಕೈ ಬದಲಾಯಿಸುವಾಗ ‘ಹಿಡ್ಕೊಂಡೆ’ ಅಂತ ಬಾಯಿಬಿಟ್ಟೇ ಹೇಳುತ್ತೇವೆ.

ತಿನ್ನುವುದಕ್ಕೆ ಚುರುಮುರಿ ಸಾಕು, ಖಾರ ಹಾಕಬೇಡಿ ಅಂತ ಮೊದಲೇ ಹೇಳಿ. ನೀರು ಮನೆಯದ್ದೇ ಒಯ್ಯಿರಿ.

ತಟ್ಟಿರಾಯನನ್ನು, ಅಂದರೆ ಒಳಗೆ ಮನುಷ್ಯ ಹೊಕ್ಕು ಕುಣಿಸುವ ಆ ದೊಡ್ಡ ಗೊಂಬೆಯನ್ನು ಕಂಡರೆ ಕೆಲವು ಮಕ್ಕಳು ಕುಣಿಯುತ್ತವೆ, ಕೆಲವು ಕಿಟಾರನೆ ಕಿರುಚುತ್ತವೆ. ಹೆದರಿದರೆ ‘ಹೆದರಬೇಡ’ ಅಂತ ಸುಮ್ನೆ ಹತ್ತಿರ ಎಳೆಯಬೇಡಿ. ಸ್ವಲ್ಪ ದೂರ ನಿಂತು ಕಾಯಿರಿ. ಒಳಗಿದ್ದವರು ಸುಸ್ತಾಗಿ ಅದನ್ನು ಇಳಿಸಿ, ಹೊರಗೆ ಬಂದು ಬೆವರು ಒರೆಸಿಕೊಳ್ಳುತ್ತಾರಲ್ಲ, ಅದನ್ನು ತೋರಿಸಿ. ಒಳಗೆ ಒಬ್ಬ ಮಾಮ ಇದ್ದಾರೆ ಅಂತ ಗೊತ್ತಾದ ಮೇಲೆ ಮಗುವೇ ಹಿಂದೆ ಹಿಂದೆ ಹೋಗುತ್ತದೆ. ಢಂ ಅಂತ ಸಿಡಿಯುವ ಗರ್ನಾಲಿಗೆ ಈ ಉಪಾಯ ನಡೆಯುವುದಿಲ್ಲ. ಕಿವಿ ಮುಚ್ಚುವುದೊಂದೇ ದಾರಿ.

ತೇರು ಎಳೆಯುವಾಗ ಮಗು ಹೆಗಲ ಮೇಲಿರಲಿ, ಹಗ್ಗದ ಹತ್ತಿರ ಬೇಡವೇ ಬೇಡ. ತೇರು ಹೊರಟದ್ದು ಕಂಡರೆ ಸಾಕು, ಸುತ್ತು ಮುಗಿಸಿ ಬರುವವರೆಗೆ ಕಾಯಬೇಡಿ. ಜನ ಅದರ ಹಿಂದೆ ಹೋದಾಗ ಬೀದಿ ಸ್ವಲ್ಪ ಸಡಿಲವಾಗುತ್ತದೆ. ಆಗ ಐಸ್‌ಕ್ಯಾಂಡಿ ಮತ್ತು ಆ ಪೀಪಿ ಕೊಡಿಸಿ ಹೊರಟುಬಿಡಿ.